ಏಳರವರೆಗೆ ಕೇಳಿಸಿತು

ಮಾರ್ಚ್ 3, ಮಂಗಳವಾರ

ಹನ್ನೊಂದು ಕಿವಿ ಟೆಸ್ಟ್. ಬೂತಿನ ಎಸಿ ಕೆಟ್ಟು ಮೂರು ದಿನ. ಒಳಗೆ ಕೂತವರು ಬೆವರು ಒರೆಸಿಕೊಳ್ಳುತ್ತಾರೋ, ಶಬ್ದ ಕೇಳಿಸಿತು ಅಂತ ಬಟನ್ ಒತ್ತುತ್ತಾರೋ... ಗಾಜಿನ ಈಚೆ ನನಗೆ ಗೊತ್ತಾಗುವುದಿಲ್ಲ.

ಕೊನೆಯವರು ಹೊಳೆನರಸೀಪುರ ರಸ್ತೆಯ ಚರ್ಚಿನ ಫಾದರ್ ಇನ್ನಾಸಪ್ಪ. ಎಪ್ಪತ್ನಾಲ್ಕು. ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಎರಡೂ ಕಿವಿ ತುಂಬಾ ಮಂದವಾಗಿದೆ. ಎಷ್ಟು ದಿನದಿಂದ ಅಂತ ಕೂಗಿ ಕೇಳಿದೆ. ಎರಡು ವರ್ಷವಂತೆ. ಮತ್ತೆ ಇಷ್ಟು ದಿನ ಯಾಕೆ ಬರಲಿಲ್ಲ?

“ಯಾರೂ ದೂರ್ಲಿಲ್ಲ ಕಣಮ್ಮ. ಪಾಪ ಹೇಳ್ಕೊಳ್ಳೋಕೆ ನನ್ನ ಹತ್ರ ಕ್ಯೂ ಇನ್ನೂ ಉದ್ದ ಆಯ್ತು.”

ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆಮೇಲೆ ಗಂಭೀರವಾಗಿ — ಈ ಕಿವಿ ಮಿಷನ್ನು ಫೋನಿಗೆ ಸೇರ್ಕೊಂಡು ಜನ ಹೇಳಿದ್ದನ್ನ ಉಳಿಸ್ಕೊಳ್ತದಾ? ಇಲ್ಲ ಅಂದೆ. ನಂಬಲಿಲ್ಲ. ಬ್ಲೂಟೂತ್ ಇಲ್ಲದ ಮಾಡೆಲ್ಲೇ ಬರೆದೆ.

ಮಾರ್ಚ್ 6, ಶುಕ್ರವಾರ

ದಂಡಿಗನಹಳ್ಳಿಯ ಆಶಾ ಕಾರ್ಯಕರ್ತೆ ಪ್ರೇಮಕುಮಾರಿ ಫೋನ್. ಅಲ್ಲೊಂದು ಗಂಡು ಮಗು, ಎರಡು ವರ್ಷ ನಾಲ್ಕು ತಿಂಗಳು. ಅಮ್ಮ ಅಂತಲೂ ಅನ್ನುವುದಿಲ್ಲ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ತಾಯಿ ಸೌಜನ್ಯ ಹಾಸನಕ್ಕೆ ಕರೆತರಲು ತಯಾರು. ಅತ್ತೆ ಸುಬ್ಬಮ್ಮ ಬಿಡುತ್ತಿಲ್ಲ.

“ಕೂಸಾಗಿದ್ದಾಗ ಕ್ಯಾಂಪಲ್ಲಿ ಕಿವಿ ಪಾಸಾಗೈತೆ ಅಂತ ಕೊಟ್ಟ ಕಾರ್ಡು ಜ್ವಾಪಾನವಾಗಿ ಮಡಗವ್ರೆ ಮೇಡಂ. ಮಾತು ತಡ ಅಷ್ಟೆ, ಅವರಪ್ಪನೂ ಅಂಗೇ ಇದ್ದ ಅಂತಾರೆ. ಕಾರ್ಡಲ್ಲಿ ಸೈನು ನಿಮ್ದೇ.”

ನೋಡಿ ಹೇಳ್ತೀನಿ ಅಂದೆ.

ಮಾರ್ಚ್ 7, ಶನಿವಾರ, ಬೆಳಿಗ್ಗೆ 8

ಎಲ್ಲರಿಗಿಂತ ಮೊದಲು ಬಂದು ರಿಜಿಸ್ಟರ್ ತೆಗೆದೆ. 11-1-2024, ಚನ್ನರಾಯಪಟ್ಟಣದ ಕ್ಯಾಂಪು. ನೋಡುವ ಮೊದಲೇ ಗೊತ್ತಿತ್ತು. ನಲವತ್ತನೇ ಮಗುವಿಗೆ ಟೆಸ್ಟ್ ಮಿಷನ್ನಿನ ಬ್ಯಾಟರಿ ಸತ್ತಿತು. ನಲವತ್ತೊಂದನೆಯದು ಕೊನೆಯದು, ಈ ಮಗುವೇ. ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಹೊರಗೆ ಜೀಪು ಹಾರ್ನ್ ಹೊಡೆಯುತ್ತಿತ್ತು. ಕಿವಿಗೆ ಏನೂ ಇಡದೆ ಪಾಸ್ ಅಂತ ಬರೆದೆ. ಸೈನ್ ಹಾಕಿದೆ. ತೇಜಶ್ರೀ ಎ.

ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಆ ಅಜ್ಜಿ ನನ್ನ ಕಾರ್ಡನ್ನೇ ನಂಬಿಕೊಂಡಿರುತ್ತಾರೆ. ಈ ವಯಸ್ಸಿನಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಕಿವಿಗೆ ಮಾತು ಬೀಳದೆ ನಾಲಿಗೆಗೆ ಮಾತು ಬರುವುದಿಲ್ಲ — ದಿನಾ ತಾಯಂದಿರಿಗೆ ಹೇಳುವವಳು ನಾನೇ.

ಮಧ್ಯಾಹ್ನ 3

ಹೊಸ ರೂಲ್ಸು, ಎಲ್ಲ ಮಕ್ಕಳಿಗೂ ಮತ್ತೆ ಟೆಸ್ಟು ಅಂತ ಪ್ರೇಮಕುಮಾರಿ ಕೈಲಿ ಹೇಳಿಸಿದೆ. ಸುಬ್ಬಮ್ಮನ ಉತ್ತರ: “ಪಾಸಾದ ಮ್ಯಾಲೆ ಇನ್ಯಾಕವ್ವ ಪರೀಕ್ಷೆ?”

ಮಾರ್ಚ್ 13, ಶುಕ್ರವಾರ

ಫಾದರಿಗೆ ಮಿಷನ್ ಹಾಕಿದೆ. ಮೊದಲು ಕೇಳಿಸಿದ್ದು ಅವರದೇ ಅಂಗಿಯ ಸರಭರ. ಮಗುವಿನ ಹಾಗೆ ತೋಳು ಉಜ್ಜಿ ಉಜ್ಜಿ ನೋಡಿದರು. ಆಮೇಲೆ ಮುಖ ಸಪ್ಪಗಾಯಿತು.

“ನಗಬ್ಯಾಡ. ಕಿವಿ ಚೆನ್ನಾಗಿದ್ದಾಗ ಜನದ ಪಾಪ ನಾನೇ ಕೇಳಿಸ್ಕೊಳ್ತಿದ್ದೆ. ಬುದ್ಧಿ ಹೇಳ್ತಿದ್ದೆ. ಕಿವಿ ಹೋದ್ಮ್ಯಾಲೆ... ನನ್ನ ಪಕ್ಕ ಇನ್ಯಾರೋ ಕುಂತು ಕೇಳಿಸ್ಕೊಳ್ತಾವ್ರೆ ಅನ್ನಿಸೋದು. ದೇವರು ದೇವರು ಅಂತ ನಲವತ್ತು ವರ್ಷ ಪ್ರಸಂಗ ಮಾಡಿದೀನಿ. ಇಷ್ಟು ಹತ್ರ ಯಾವತ್ತೂ ಇರ್ಲಿಲ್ಲ. ಈಗ ಇದನ್ನ ಹಾಕ್ಕೊಂಡ್ರೆ ಅವನು ಎದ್ದು ಹೊಂಟೋದ್ರೆ?”

“ಹಾಗಾದ್ರೆ ಬೇಡ ಬಿಡಿ ಫಾದರ್.”

“ಅದೂ ಮೋಸ ಅಲ್ವಾ? ಕೇಳಿಸ್ದೋನ ಹಂಗೆ ತಲೆ ಆಡಿಸ್ಕೊಂಡು ಎಷ್ಟು ದಿನ ಕೂರೋದು?”

ಒಂದು ವಾರ ಹಾಕಿ ನೋಡಿ ಅಂತ ಕಳಿಸಿದೆ.

ನಮ್ಮ ಮನೆಯಲ್ಲಿ ದೇವರಗೂಡೇ ಇಲ್ಲ. ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ, ಅಷ್ಟೆ. ಆದರೂ ಸಂಜೆಯಿಡೀ ಇದೇ ಕೊರೆಯುತ್ತಿದೆ. ಪಕ್ಕ ಅಂದರೆ ಯಾವ ಪಕ್ಕ? ಎಡಕ್ಕೋ ಬಲಕ್ಕೋ? ಉಸಿರಾಟದ ಸದ್ದಾದರೂ ಇರುತ್ತದಾ? ಕೇಳಬೇಕಿತ್ತು.

ಮಾರ್ಚ್ 15, ಭಾನುವಾರ

ಬೆಳಿಗ್ಗೆ ಮನೆಯಲ್ಲಿ ಪಂಚಶೀಲ ಹೇಳುವಾಗ ನಾಲ್ಕನೆಯದಕ್ಕೆ ನನ್ನ ದನಿ ಬರಲಿಲ್ಲ. ಸುಳ್ಳು ಹೇಳುವುದಿಲ್ಲ ಅನ್ನುವುದು. ಅಮ್ಮ ಕಣ್ಣು ಮುಚ್ಚಿಕೊಂಡೇ ಹಿಡಿದಳು.

“ಏನಾಯ್ತೇ?”

ಗಂಟಲು ಕಟ್ಟಿದೆ ಅಂದೆ. ಇದು ಇನ್ನೊಂದು ಸುಳ್ಳು.

ಮಾರ್ಚ್ 20, ಶುಕ್ರವಾರ

ಪಾಪ ಕೇಳೋ ಮರದ ಗೂಡಿನೊಳಗೆ ಎಲ್ಲಾ ಗುಂಯ್ ಅಂತದೆ ಅಂತ ಫಾದರ್ ಎರಡು ಸಲ ಫೋನ್ ಮಾಡಿದ್ದರು. ಲ್ಯಾಪ್‌ಟಾಪ್ ಹೊತ್ತು ಚರ್ಚಿಗೇ ಹೋದೆ. ಸಂಜೆಯ ಪ್ರಾರ್ಥನೆಗೆ ಇನ್ನೂ ಒಂದು ಗಂಟೆ. ಬೆಂಚು ಒರೆಸುವ ಹೆಂಗಸು ಬಿಟ್ಟರೆ ಯಾರೂ ಇಲ್ಲ.

ಅವರು ಒಳಗೆ ಕೂತರು. ನಾನು ಜಾಲರಿಯ ಈಚೆ, ಮೊಣಕಾಲೂರಿ.

“ಪಾಪಗೀಪ ಬ್ಯಾಡ ಕಣಮ್ಮ, ಬರೀ ಎಣಿಸು. ಜನ ಪಿಸುಗುಟ್ತಾರಲ್ಲ, ಹಂಗೆ.”

ಒಂದರಿಂದ ಹತ್ತು. ಮೂರು ಸಲ. ಪ್ರತಿ ಸಲವೂ ಲ್ಯಾಪ್‌ಟಾಪಿನಲ್ಲಿ ಮಿಷನ್ನಿನ ಸೆಟ್ಟಿಂಗ್ ಸ್ವಲ್ಪ ಸ್ವಲ್ಪ ಬದಲಾಯಿಸಿದೆ. ನಾಲ್ಕನೇ ಸಲ ಏಳರವರೆಗೆ ಬಂದೆ. ಎಂಟು ಬರಲಿಲ್ಲ. ‘ಬ್ಯಾಟರಿ ಸತ್ತಿತ್ತು’ ಅಂದೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಕ್ಯಾಂಪು, ಜೀಪು, ಹೆಗಲ ಮೇಲೆ ಮಲಗಿದ್ದ ಮಗು, ಸೈನು. ಹೊಸ ರೂಲ್ಸು ಅಂತ ಹೇಳಿಸಿದ ಸುಳ್ಳು ಕೂಡ.

ಏನಾಯಿತು ಅಂತ ಸರಿಯಾಗಿ ಬರೆದಿಡಬೇಕು. ಮೇಲೆ ಫ್ಯಾನ್ ಕಿರುಗುಟ್ಟುತ್ತಿತ್ತು. ಜಾಲರಿಯ ಮರ ಜನರ ಹಣೆ ತಾಗಿ ತಾಗಿ ನುಣುಪಾಗಿತ್ತು. ಆಚೆ ಫಾದರ್ ಇದ್ದಾರೆ ಅಂತ ಗೊತ್ತಿತ್ತು. ಆದರೆ ಕೇಳಿಸಿಕೊಳ್ಳುತ್ತಿರುವುದು ಅವರಲ್ಲ ಅನ್ನಿಸಿತು. ಅವರಿಗಿಂತ ಹತ್ತಿರ. ಯಾವ ದಿಕ್ಕು ಅಂತ ಹೇಳಲಾರೆ, ಶಬ್ದದ ದಿಕ್ಕು ಗುರುತಿಸುವುದೇ ನನ್ನ ಕೆಲಸವಾದರೂ. ಮೊದಲೇ ಎಲ್ಲ ಗೊತ್ತಿದ್ದವರು, ಆದರೂ ನನ್ನ ಬಾಯಿಂದ ಬರಲಿ ಅಂತ ಕಾದು ಕೂತ ಹಾಗೆ. ಬೈಗುಳ ಇಲ್ಲ, ಸಮಾಧಾನವೂ ಇಲ್ಲ. ಹೆದರಿಕೆ ಮಾತ್ರ ಹೋಯಿತು. ಅತ್ತುಬಿಟ್ಟೆ. ಇದಕ್ಕೆ ದೇವರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಇರಲಿಲ್ಲ ಅನ್ನಲು ಅಂತೂ ಬರುವುದೇ ಇಲ್ಲ.

ಫಾದರ್ ಹೊರಗೆ ಬಂದರು. ಮಿಷನ್ ಎರಡೂ ಅಂಗೈಯಲ್ಲಿ.

“ಏಳರವರೆಗೆ ಬೊಂಬಾಟಾಗಿ ಕೇಳಿಸ್ತು. ಆಮ್ಯಾಲೆ ನಿನ್ನ ದನಿ ಬ್ಯಾರೆ ಆಯ್ತು. ಇದು ನನಗಲ್ಲ ಅನ್ನಿಸ್ತು, ತೆಗೆದ್ಬುಟ್ಟೆ.”

ಸಿಟ್ಟು ಬಂತು. ಅಷ್ಟೆಲ್ಲ ಹೇಳಿದ್ದು ಯಾರಿಗೆ ಹಾಗಾದರೆ? ಅವರಿಗೆ ಕೇಳಿಸಲಿಲ್ಲ. ಮಿಷನ್ ಹಾಕಿಕೊಂಡು ಆ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡರು.

“ಅದನ್ನೇ ಎರಡು ವರ್ಷದಿಂದ ಯೋಚಿಸ್ತಾ ಇವ್ನಿ ಕಣಮ್ಮ.”

ಮಾರ್ಚ್ 22, ಭಾನುವಾರ, ಸಂಜೆ 5, ಚನ್ನರಾಯಪಟ್ಟಣ ಬಸ್ ಸ್ಟ್ಯಾಂಡ್

ಹಾಸನದ ಬಸ್ಸಿಗೆ ಅರ್ಧ ಗಂಟೆ ಇದೆ.

ದಂಡಿಗನಹಳ್ಳಿಗೆ ಒಬ್ಬಳೇ ಹೋಗಿದ್ದೆ. ಚಾರ್ಜ್ ತುಂಬಿದ ಟೆಸ್ಟ್ ಮಿಷನ್ ಬ್ಯಾಗಿನಲ್ಲಿ. ಸುಬ್ಬಮ್ಮ ಕೇಳುವ ಮೊದಲೇ ಕಾರ್ಡು ತಂದು ಕೈಗಿಟ್ಟರು. ಪ್ಲಾಸ್ಟಿಕ್ ಕವರಿನಲ್ಲಿ, ಸುಕ್ಕೂ ಇಲ್ಲ.

ಮಗು ಬಂದು ನನ್ನ ತೊಡೆ ಹತ್ತಿತು. ಬಾಯಿ ತೆರೆದೆ. ತಕ್ಷಣ ಅಂಗೈಯನ್ನು ನನ್ನ ಗಂಟಲ ಮೇಲಿಟ್ಟ.

“ಯಾರು ಮಾತಾಡಿದ್ರೂ ಅಂಗೇ ಮುಟ್ಟಿ ನೋಡ್ತಾನೆ ಮೇಡಂ,” ಸೌಜನ್ಯ ಅಂದಳು. “ಆಟ ಅವನಿಗೆ.”

ಆ ಕೈ ಗಂಟಲ ಮೇಲೆ ಇರುವಾಗಲೇ ಹೇಳಿದೆ. ಅವತ್ತು ಟೆಸ್ಟ್ ಮಾಡಿರಲಿಲ್ಲ, ಸುಳ್ಳು ಬರೆದೆ ಅಂತ. ಮುಗಿಯುವವರೆಗೆ ಅವನು ಕೈ ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ಮೊನ್ನೆ ಗೂಡಿನಲ್ಲಿ ಇದ್ದದ್ದು... ಅದೇ. ಇಲ್ಲೂ ಬಂದಿತ್ತು.

ಟೆಸ್ಟ್ ಮಾಡಿದೆ. ಎರಡೂ ಕಿವಿ ಫೇಲ್.

ಸುಬ್ಬಮ್ಮ ಕಾರ್ಡು ಕಿತ್ತುಕೊಂಡು ಒಳಗೆ ಹೋದರು, ಮತ್ತೆ ಬರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೌಜನ್ಯ ಮಾತ್ರ, ಬುಧವಾರ ಹಾಸನಕ್ಕೆ ಕರ್ಕೊಂಡು ಬತ್ತೀನಿ ಅಂದಳು. ಮಗುವನ್ನು ಎತ್ತಿಕೊಂಡು ರಸ್ತೆಯವರೆಗೂ ಬಂದಳು.

“ದಿನಾ ಜೋಗುಳದ ಪದ ಹೇಳಿ ಮಲಗಿಸ್ತಿದ್ದೆ ಮೇಡಂ. ಎರಡು ವರ್ಷ. ಅದೊಂದೂ ಕೇಳ್ಸೇ ಇಲ್ವಾ ಇವನಿಗೆ?”

ಮಗುವಿನ ಕೈ ಅವಳ ಗಂಟಲ ಮೇಲಿತ್ತು. ನಾನು ಹೇಳಿದ್ದು — ಕಿವಿಗೆ ಕೇಳ್ಸಿಲ್ಲ, ಆದ್ರೆ ಆ ಕೈಗೆ ಗೊತ್ತಾಗಿದೆ ಅಂತ.