ಏಪ್ರಿಲ್ ಚಳಿಯಲ್ಲಿ ಟೋಬಿಯ ಬ್ಯಾಟು

ಮಾನ್ಯ ಹಾಲಿಂಗ್ಸ್ ಅವರಿಗೆ,

ನಮ್ಮ ಕೌಂಟಿ ಕ್ರಿಕೆಟ್ ತಂಡವನ್ನು ಆರಿಸುವವರು ನೀವು. ನಾನು ಕಂಬಳಿ ಹೊದ್ದು ಪಂದ್ಯ ನೋಡುವ ಅಭಿಮಾನಿ. ನಿಮ್ಮ ಆರಂಭಿಕ ಆಟಗಾರ ಟೋಬಿ ಪಿಂಡರ್ ಬಾಡಿಗೆಗಿರುವುದು ನಮ್ಮ ಮಹಡಿಯಲ್ಲಿ.

ಈ ಋತುವಿನಲ್ಲಿ ಅವನಿಗಿನ್ನೂ ರನ್ ಬಂದಿಲ್ಲ, ನಿಜ. ಶನಿವಾರ ಅವನು ಔಟಾಗಿ ಬರುವಾಗ ನನ್ನ ಪಕ್ಕದವನೊಬ್ಬ, "ಇದಕ್ಕೆ ಸಂಬಳ ಬೇರೆ ಕೊಡ್ತಾರಾ ನಿಂಗೆ?" ಎಂದು ಕೂಗಿದ.

ಸಂಜೆ ಚಹಾ ಕೊಟ್ಟಾಗ ಟೋಬಿ ಹೇಳಿದ: "ನನ್ನಾಕೆಗೆ ದಿನ ತುಂಬ್ತಿದೆ. ಈ ಸಂಬಳದಲ್ಲಿ ಆಗಲ್ಲ ಮಿಸೆಸ್ ಗಾರ್ಸೈಡ್. ಭಾವನ ಜೊತೆ ಹೆಂಚು ಹೊದಿಸೋ ಕೆಲಸಕ್ಕೆ ಹೋಗ್ತೀನಿ."

"ಇಂಗ್ಲೆಂಡಿನ ಈ ಏಪ್ರಿಲ್ ಚಳೀಲಿ ಯಾರಪ್ಪ ರನ್ ಹೊಡೀತಾರೆ? ಬಿಸಿಲು ಬರ್ಲಿ, ತಡಿ," ಎಂದೆ.

"ಜೂನಲ್ಲಿ ಬಿಸಿಲು ಬಂದ್ರೆ ಹೊರದೇಶದ ದುಬಾರಿ ಆಟಗಾರನೂ ಬರ್ತಾನೆ. ಆಮೇಲೆ ನಂಗೆಲ್ಲಿ ಜಾಗ?"

ಆಗಿನಿಂದ ಮಹಡಿಯಲ್ಲಿ ಅವನ ಓಡಾಟ ನಿಂತಿಲ್ಲ, ಕೆಳಗೆ ನನ್ನದೂ ನಿಂತಿಲ್ಲ. ಬಾಡಿಗೆ ಬೇಡವೆಂದರೆ ಕೇಳುವುದಿಲ್ಲ. ಶುಕ್ರವಾರದ ಪಂದ್ಯವನ್ನಾದರೂ ಆಡಿ ಹೋಗು ಎಂದು ಹೇಗೋ ಒಪ್ಪಿಸಿದ್ದೇನೆ. ಜೂನ್ ಬಂದರೂ ಅವನಿಗೆ ಜಾಗವಿದೆಯೇ ಎಂಬುದನ್ನು ಆ ಪಂದ್ಯಕ್ಕೆ ಮೊದಲು ನೀವೇ ಅವನೆದುರು ಹೇಳಿಬಿಡಿ. ಇಲ್ಲವಾದರೆ ಇಲ್ಲವೆಂದೇ ಹೇಳಿ.

ನನ್ನ ಕೋಣೆಗೆ ಬೇರೆಯವರು ಸಿಗುತ್ತಾರೆ. ಹೊಸ ಚೆಂಡಿಗೆ ಹೀಗೆ ಎದೆಯೊಡ್ಡಿ ನಿಲ್ಲುವವನು ನಿಮಗೆ ಸಿಗುತ್ತಾನೋ ಇಲ್ಲವೋ, ನಾನರಿಯೆ.

ಉತ್ತರಕ್ಕೆ ಕಾದಿರುವ,
ಹಿಲ್ಡಾ ಗಾರ್ಸೈಡ್