ಹಿರಿಯಣ್ಣ ಮಾಡಿದ ರಿಪೇರಿ

4-2-1963, ಸೋಮವಾರ. ಬೆಳಿಗ್ಗೆ

ರೇಡಿಯೇಟರ್ ನೀರು ಇಳಿಸಿ ಆಯಿತು. ತುಕ್ಕಿನ ಬಣ್ಣ. ಮುಂದಿನ ಜಾಲರಿ ಬಿಚ್ಚಿ ಗೋಡೆಗೆ ಒರಗಿಸಿದೆ. ಅಪ್ಪಾಜಿಯ ಮಂಚವನ್ನು ಶೆಡ್ಡಿನ ಬಾಗಿಲಿಗೆ ಎಳೆದು ತರಬೇಕಾಯಿತು — ಎಂಜಿನ್ ಕಾಣದಿದ್ದರೆ ಅವರಿಗೆ ಹೇಳಿಕೊಡಲು ಬರುವುದಿಲ್ಲ.

ದೀಪಾವಳಿಯಲ್ಲಿ ಲಕ್ವ ಹೊಡೆದ ಮೇಲೆ ಬಲಗೈ, ಬಲಗಾಲು ಅಲ್ಲಾಡುವುದಿಲ್ಲ. ನಾಲಿಗೆ ಹೊರಳುವುದಿಲ್ಲ. ಅವರ ಮಾತು ನನಗೊಬ್ಬಳಿಗೇ ತಿಳಿಯುವುದು. ಬಂದವರಿಗೆಲ್ಲ ನಾನೇ ಬಿಡಿಸಿ ಹೇಳಬೇಕು. ಅವ್ವನಿಗೂ.

ಟ್ಯಾಕ್ಸಿ — ಹಳೇ ಲ್ಯಾಂಡ್‌ಮಾಸ್ಟರ್ — ಅಂದಿನಿಂದ ನಿಂತಲ್ಲೇ. ಅದಕ್ಕೂ ಮೊದಲೇ ಕಟಕಟ ಶುರುವಾಗಿತ್ತು, ದಿಬ್ಬ ಏರುವಾಗ ದಮ್ಮಿರಲಿಲ್ಲ. ಹೋದ ವಾರ ಭದ್ರಾವತಿಯ ಮೆಕ್ಯಾನಿಕ್ ಹಿರಿಯಣ್ಣ ಬಂದು ಕಿವಿಯಿಟ್ಟು ಕೇಳಿದ. ಕ್ಯಾಮ್‌ಶಾಫ್ಟ್ ಸವೆದಿದೆ, ಅದನ್ನು ತಿರುಗಿಸುವ ಟೈಮಿಂಗ್ ಚೈನೂ ಜೋಲು ಬಿದ್ದಿದೆ ಎಂದ. ಎರಡೂ ತರಿಸಿಕೊಡುತ್ತಾನಂತೆ, ಇಲ್ಲಿ ಬಂದು ಕೂರಲು ಪುರಸೊತ್ತಿಲ್ಲವಂತೆ. ಹೊರಡುವಾಗ ಅಪ್ಪಾಜಿಗೆ, "ನೀವು ಹೇಳ್ತಾ ಹೋಗಿ, ತಂಗಿ ಮಾಡ್ಲಿ. ಸ್ಪ್ಯಾನರ್ ಹಿಡ್ಕೊಂಡೇ ಬೆಳೆದವ್ಳಲ್ವಾ" ಎಂದ.

ಅಪ್ಪಾಜಿ ಒಂದೇ ಮಾತಿಗೆ ಒಪ್ಪಿದರು. ಆಶ್ಚರ್ಯ. ಗಾಡಿ ಓಡುವ ಹಾಗಾದರೆ ನಿನ್ನ ಬಾಳಿಗೊಂದು ದಾರಿ ಆಗುತ್ತೆ ಅಂದರು.

ದಾರಿ... ಗಂಡನ ಮನೆಯವರು ಗೌರಿ ಹಬ್ಬಕ್ಕೆಂದು ಕಳಿಸಿ, ಕರೆಯಲು ಬಾರದೆ ಎರಡು ವರ್ಷ. ಡ್ರೈವರ್ ಒಬ್ಬನನ್ನು ಇಟ್ಟುಕೊಂಡು ಟ್ಯಾಕ್ಸಿ ನಾನೇ ನಡೆಸಬಹುದು. ಸ್ಟೇಷನ್ನಿಗೆ, ಆಸ್ಪತ್ರೆಗೆ, ಗಾಜನೂರಿಗೆ. ಯಾರ ಮನೆ ಬಾಗಿಲೂ ಕಾಯಬೇಕಿಲ್ಲ.

7-2

ಮುಂದಿನ ಪುಲ್ಲಿಯ ನಟ್ಟು. ಇಡೀ ಬೆಳಿಗ್ಗೆ ಅದೊಂದರ ಜೊತೆ. ಸೀಮೆಎಣ್ಣೆ ಬಿಟ್ಟು ನೆನೆಸಿ, ಚಾಣ ಇಟ್ಟು ಹೊಡೆದೆ. ಉಲ್ಟಾ ಹೊಡೆಯುತ್ತಿದ್ದೀಯ ಎಂದು ಅಪ್ಪಾಜಿ ಮಂಚದಿಂದಲೇ ಬೈದರು. ಸರಿಯಾಗೇ ಹೊಡೆಯುತ್ತಿದ್ದೆ. ಬಂತು. ಬೆರಳ ಗೆಣ್ಣು ಸುಲಿದುಹೋಯಿತು.

ಎಂಜಿನ್ನಿನ ಮೇಲ್ಮುಚ್ಚಳ — ಹೆಡ್ — ಇಳಿಸಿದೆ. ವಾಲ್ವುಗಳನ್ನು ಇದ್ದ ವರಸೆಯಲ್ಲೇ ಹಳೇ ಸೀರೆಯ ಮೇಲೆ ಜೋಡಿಸಿದೆ — ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಆ ಕೈಯಲ್ಲಿ ರೊಟ್ಟಿ ತಟ್ಟಬೇಡ ಎಂದಳು ಅವ್ವ. ಸರಿ, ನೀನೇ ತಟ್ಟು ಎಂದೆ. ಮಾತು ಬಿಟ್ಟಿದ್ದಾಳೆ.

11-2, ಮಧ್ಯಾಹ್ನ

ಶಾಫ್ಟ್ ಹೊರಬಂತು. ಒರೆಸಿ ಅಪ್ಪಾಜಿಯ ಎಡಗೈಗೆ ಕೊಟ್ಟೆ. ವಾಲ್ವ್ ಎತ್ತುವ ಉಬ್ಬುಗಳ ಮೇಲೆ ಹೆಬ್ಬೆರಳು ಆಡಿಸಿದರು. ಎರಡು ಉಬ್ಬು ಸವೆದು ಬೋಳು. ಬಹಳ ಹೊತ್ತು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಆಮೇಲೆ — "ನೀನು ಗಂಡಾಗಿದ್ರೆ..." ಅಷ್ಟಕ್ಕೇ ನಿಲ್ಲಿಸಿದರು. ನಾಲಿಗೆ ತಡೆದದ್ದಲ್ಲ. ಅವರೇ ನಿಲ್ಲಿಸಿದ್ದು.

ಪೂರ್ತಿ ಮಾಡಿ ಎನ್ನಲಿಲ್ಲ ನಾನು. ಶಾಫ್ಟ್ ತೆಗೆದದ್ದು ಹೆಣ್ಣಿನ ಕೈಯೇ ಅಲ್ಲವೇ.

23-2

ಸಾಮಾನು ಬಸ್ಸಿನಲ್ಲಿ ಬಂತು. ಗೋಣಿಚೀಲದಲ್ಲಿ ಸುತ್ತಿ, ಮೇಲೆ ಹಗ್ಗ. ಹೊಸ ಶಾಫ್ಟಿನ ಉಬ್ಬುಗಳಿಗೆಲ್ಲ ಎಣ್ಣೆ ಬಳಿದು ನಿಧಾನ ಒಳಗೆ ತೂರಿಸಿದೆ. ಚೈನ್ ಹಾಕುವಾಗ ಎರಡು ಹಲ್ಲುಚಕ್ರದ ಚುಕ್ಕೆಗಳೂ ಎದುರುಬದುರು ಬರಬೇಕು. ಒಂದು ಹಲ್ಲು ಆಚೀಚೆಯಾದರೂ ಎಂಜಿನ್ ಏಳುವುದಿಲ್ಲ. ಅಪ್ಪಾಜಿ ಕನ್ನಡಿ ತರಿಸಿದರು. ನಾನು ಹಿಡಿದು ತೋರಿಸಿದೆ. ಮಲಗಿದ್ದಲ್ಲಿಂದಲೇ ಚುಕ್ಕೆ ನೋಡಿ ತಲೆ ಆಡಿಸಿದರು.

ಅವ್ವ ಕಾಫಿ ತಂದಿಟ್ಟಳು. ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಯಾಕೆ ಕೆಂಪಾಗಿದೆ? ಕೇಳಿದರೆ ಒಲೆಯ ಹೊಗೆ ಎಂದಳು.

26-2

ಸ್ಟಾರ್ಟ್ ಆಯಿತು.

ಮೊದಲು ಒಂದು ಕೆಮ್ಮು, ಹೊಗೆ, ಆಮೇಲೆ ಒಂದೇ ಸಮ. ಕಟಕಟ ಇಲ್ಲ. ಅಪ್ಪಾಜಿ ಅಳುತ್ತಿದ್ದರು. ನಾನೂ.

ಸದ್ದು ಕೇಳಿ ಪಕ್ಕದ ಮನೆಯ ಸುಬ್ಬಪ್ಪನವರು ಬಂದರು; ಹಿಂದೆಯೇ ಬೀದಿಯ ಇನ್ನಿಬ್ಬರು. ಯಾರು ಮಾಡಿದ್ದು ಷಣ್ಮುಖಪ್ನೋರೇ ಎಂದರು. ನನ್ನ ಕೈ ಮೊಣಕೈವರೆಗೂ ಕಪ್ಪು. ಅವರು ನೋಡಿದ್ದಾರೆ. ನೋಡಿಯೂ ಅಪ್ಪಾಜಿಯನ್ನೇ ಕೇಳಿದರು.

ಅಪ್ಪಾಜಿ ಏನೋ ಅಂದರು. ಸುಬ್ಬಪ್ಪನವರಿಗೆ ತಿಳಿಯಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು, ಬಿಡಿಸಿ ಹೇಳಲಿ ಎಂದು.

"ಭದ್ರಾವತಿ ಹಿರಿಯಣ್ಣ ಮಾಡಿದ್ದು ಅಂತಿದ್ದಾರೆ" ಎಂದೆ.

ನನ್ನ ಬಾಯಿಂದಲೇ.

28-2

ಅಪ್ಪಾಜಿ ಹಿರಿಯಣ್ಣನ ಹೆಸರು ಹೇಳಿದ್ದು ಯಾಕೆ ಎಂದು ಈವತ್ತು ತಿಳಿಯಿತು. ಅವ್ವ ಹೇಳಿದಳು. ಗಂಡ — ಹಾಲಸ್ವಾಮಿ — ಸೋಮವಾರ ಬರುತ್ತಾರೆ. ನನ್ನನ್ನು ಕರೆದೊಯ್ಯಲು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಒದಗಿಸುವ ಕಂಟ್ರಾಕ್ಟ್ ಸಿಕ್ಕಿದೆಯಂತೆ, ಓಡಾಡಲು ಕಾರು ಬೇಕಂತೆ. ಓಡುವ ಕಾರು ಕೊಟ್ಟರೆ ಹುಡುಗಿಯನ್ನೂ ಕರೆದುಕೊಳ್ಳುತ್ತೇವೆ ಎಂದು ಸಂಕ್ರಾಂತಿಯಲ್ಲೇ ಹೇಳಿ ಕಳಿಸಿದ್ದರು. ಹೆಂಡತಿ ಮೆಕ್ಯಾನಿಕ್ ಕೆಲಸ ಮಾಡಿದಳು ಎಂದು ತಿಳಿದರೆ ಮತ್ತೆ ಕೊಂಕು ತೆಗೆಯುತ್ತಾರೆ ಅಂತ ಹಿರಿಯಣ್ಣನ ಹೆಸರು.

ಸಂಕ್ರಾಂತಿಯಲ್ಲೇ. ಅಂದರೆ ನಾನು ನಟ್ಟಿಗೆ ಸೀಮೆಎಣ್ಣೆ ಬಿಡುವಾಗ ಇವರಿಬ್ಬರಿಗೂ ಗೊತ್ತಿತ್ತು. ಕನ್ನಡಿ ಹಿಡಿದಾಗ ಗೊತ್ತಿತ್ತು.

ನನ್ನನ್ನು ದಾಟಿಸುವ ಗಾಡಿಯನ್ನು ನಾನೇ ರಿಪೇರಿ ಮಾಡಿದೆ.

ಹೋಗುವುದಿಲ್ಲ ಎಂದೆ. ಅಪ್ಪಾಜಿ ಎಡಗೈಯಲ್ಲಿ ನನ್ನ ಸೆರಗು ಹಿಡಿದು, "ನಾನು ಸತ್ಮೇಲೆ ನಿಂಗ್ಯಾರವ್ವಾ?" ಎಂದರು. ಚೆನ್ನಾಗಿ ಕೇಳಿಸಿತು. ನೀವು ಏನಂತೀರೋ ತಿಳಿಯಲಿಲ್ಲ ಎಂದೆ. ಮತ್ತೆ ಅಂದರು. ತಿಳಿಯಲಿಲ್ಲ ಎಂದೆ. ಮೂರನೆಯ ಸಲ ಅನ್ನಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದರು.

ಅದಕ್ಕೇ ಸೋತೆ. ಛೆ.

17-3, ಭದ್ರಾವತಿ

ಕಾರ್ಖಾನೆ ಸೈರನ್ ಆಗಿ ಸ್ವಲ್ಪ ಹೊತ್ತು. ಮನೆಯಲ್ಲಿ ಯಾರೂ ಇಲ್ಲ, ಅತ್ತೆ ಮಹಾಂತಮ್ಮನವರು ಮಠಕ್ಕೆ ಹೋಗಿದ್ದಾರೆ.

ಕಾರು ಈ ಮನೆಯಲ್ಲಿ ಬಲು ಮುದ್ದು. ಬಂದ ದಿನ ಆರತಿ ಎತ್ತಿದರು. ನಾನು ಹಿಂದಿನ ಸೀಟಿನಿಂದ ಇಳಿದು ಪಕ್ಕದಲ್ಲಿ ನಿಂತಿದ್ದೆ.

ಅಂಗಳದಲ್ಲಿ ಕಾರು ನಿಲ್ಲುವ ಜಾಗದಲ್ಲಿ ಎಣ್ಣೆ ಕಲೆ. ದಿನ ದಿನ ದೊಡ್ಡದಾಗುತ್ತಿದೆ. ದಾರಿಯ ಕಲ್ಲು ತಳಕ್ಕೆ ಬಡಿದಿರಬೇಕು. ಎಣ್ಣೆ ನೋಡಿ ಹಾಕಿಸಿ, ಹೊಸ ಶಾಫ್ಟ್ ಒಣಗಬಾರದು, ಹಾಗೇ ಓಡಿಸಿದರೆ ತಿರುಗದೆ ಹಿಡಿದುಕೊಳ್ಳುತ್ತೆ ಎಂದೆ. ಕೂದಲು ಬಾಚುತ್ತಿದ್ದ ಗಂಡ ಕನ್ನಡಿಯಲ್ಲೇ ನನ್ನನ್ನು ನೋಡಿದರು.

"ಹಿರಿಯಣ್ಣನ ಕೈ ಅದು, ಮಾರಾಯ್ತಿ. ನಿಂಗೇನು ಗೊತ್ತಾಗುತ್ತೆ? ಒಳಗೆ ಹೋಗು."

ಒಳಗೆ ಹೋದೆ.

21-3

ಮತ್ತೆ ಹೇಳಿದೆ. ಊಟಕ್ಕೆ ಕೂತಾಗ. ಅತ್ತೆ ನಕ್ಕರು. ಗಂಡ ತಟ್ಟೆ ಬಿಟ್ಟು ಎದ್ದರು.

ಇನ್ನು ಹೇಳುವುದಿಲ್ಲ.

30-3, ಸಂಜೆ

ಕಾರು ತರೀಕೆರೆ ರಸ್ತೆಯಲ್ಲಿ ನಿಂತಿತಂತೆ. ಎತ್ತು ಕಟ್ಟಿ ಎಳೆಸಿ ತಂದರು. ಬೀದಿಯ ಜನವೆಲ್ಲ ಬಾಗಿಲಲ್ಲಿ. ಶಾಫ್ಟ್ ಹಿಡಿದುಕೊಂಡು ಚೈನ್ ತುಂಡಾಗಿದೆ — ನೋಡದೆಯೇ ಗೊತ್ತು. ಅದನ್ನು ಜೋಡಿಸಿದ್ದು ನನ್ನ ಕೈ, ಅದು ಹಾಳಾದಾಗ ಸಂತೋಷವಾಗಬಾರದಿತ್ತು. ಆಯಿತು. ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಎಷ್ಟು ಚೆನ್ನಾಗಿ ಓಡುತ್ತಿತ್ತು.

2-4

ಬೆಳಿಗ್ಗೆ ಗಂಡ ಹಿರಿಯಣ್ಣನ ಶೆಡ್ಡಿಗೆ ಜಗಳಕ್ಕೆ ಹೋಗಿದ್ದರು. ಹೋದಷ್ಟೇ ಬೇಗ ವಾಪಸ್. ಮುಖ ಕಪ್ಪಿಟ್ಟಿತ್ತು. ಹಿರಿಯಣ್ಣ, ನಾನು ಅದನ್ನು ಮುಟ್ಟೇ ಇಲ್ಲ, ಸಾಮಾನು ಕಳಿಸಿದ್ದಷ್ಟೇ; ಕಟ್ಟಿದವಳು ನಿಮ್ಮ ಮನೆಯಲ್ಲೇ ಇದ್ದಾಳೆ, ಹೋಗಿ ಕೇಳಿ ಎಂದನಂತೆ. ಅಲ್ಲಿದ್ದವರೆಲ್ಲ ನಕ್ಕರಂತೆ.

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಇದ್ದಿಲಿನ ಗುತ್ತಿಗೆಗೆ ದಿನಾ ಓಡಾಡಬೇಕು. ಊರಿನಲ್ಲಿ ಯಾವ ಮೆಕ್ಯಾನಿಕ್ಕನ ಮುಂದೆಯೂ ಇನ್ನು ಮುಖ ತೋರಿಸಲಾರರು. ಮಧ್ಯಾಹ್ನ ಅಡುಗೆಮನೆ ಬಾಗಿಲಿಗೆ ಬಂದು, ನೆಲ ನೋಡುತ್ತಾ ಹೇಳಿದರು.

"ಇನ್ನೊಂದ್ಸಲ ಬಿಚ್ಚು. ಗೇಟ್ ಹಾಕ್ತೀನಿ, ಯಾರಿಗೂ ಕಾಣಲ್ಲ."

ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. "ಗೇಟ್ ತೆಗೆದಿಟ್ರೆ ಬಿಚ್ತೀನಿ" ಎಂದೆ.

ಅತ್ತೆ ಒಳಗಿನಿಂದ ಏನೋ ಅಂದರು. ಗಂಡ ಅಂಗಳಕ್ಕೆ ಇಳಿದು ಹೋದರು. ನಾನು ಹಳೇ ಸೀರೆ ಹುಡುಕಲು ಕೋಣೆಗೆ ಬಂದವಳು, ಇದನ್ನು ಬರೆಯುತ್ತಿದ್ದೇನೆ. ಕಿಟಕಿಯಿಂದ ಕಾಣುತ್ತಿದೆ. ಗೇಟಿನ ಹತ್ತಿರ ನಿಂತಿದ್ದಾರೆ. ಬೀದಿಯಲ್ಲಿ ಶಿಫ್ಟ್ ಮುಗಿಸಿದ ಜನ ಬರತೊಡಗಿದ್ದಾರೆ. ಅಗುಳಿಯ ಮೇಲೆ ಕೈ —