ಒಂದ ತೊಟ್ಟಲ, ಎರಡ ವಯಸ್ಸು

೩ ನವೆಂಬರ್ ೨೦೨೫, ಸೋಮವಾರ

ಇವತ್ತ ಅಂಗನವಾಡಿಗೆ ಇಪ್ಪತ್ತೆರಡ ಹುಡುಗರು. ತತ್ತಿ ಕುದಿಸಿ ಸುಲಿಯೂದರಾಗ ಹನ್ನೊಂದಾತು. ಮಧ್ಯಾಹ್ನ ನನ್ನ ಗೆಳತಿ ತಿಪ್ಪವ್ವ ಬಂದ್ಲು. ಪಿಂಚಣಿ ಬಂದೈತಂತ, ಹುಡುಗರಿಗೆ ಪೇರಲಹಣ್ಣ ತಂದಿದ್ಲು. ತಿಂಗಳಾ ಇದ ಹಾಡು. ಬ್ಯಾಡ ಅಂದ್ರ, "ಸೊಸಿ ಮುಂದ ಕೈ ಚಾಚದ ತಂದೀನಿ, ಸುಮ್ಮನ ತಗೋ" ಅಂತಾಳ. ಆಕಿಗೆ ಅದೊಂದ ಭಾಳ ದೊಡ್ಡದು.

ಸಂಜಿಗೆ ರೋಣ ತಾಲೂಕ ಆಫೀಸಿನಿಂದ ಫೋನ್. ಗುರುವಾರ ನಮ್ಮೂರು ಬೆಳವಣಕಿಯೊಳಗ ಪಿಂಚಣಿ ತಪಾಸಣಿ. ಎಲ್ಲಾರ ವಯಸ್ಸೂ ಮತ್ತೊಮ್ಮೆ ನೋಡತಾರಂತ.

೪ ನವೆಂಬರ್

ಯಾರೂ ಓದೂದಿಲ್ಲ, ಬರದ ಬಿಡತೀನಿ. ಆಧಾರ್ ಕ್ಯಾಂಪ್‌ನಾಗ ತಿಪ್ಪವ್ವನ ಫಾರ್ಮ್ ತುಂಬಿದಾಕಿ ನಾನ. ಎಂಟ ವರ್ಷ ಏರಿಸಿದ್ನಿ. ಪಿಂಚಣಿ ಲಗೂ ಸಿಗಲಿ ಅಂತ. ಬಿಸಲಾಗ ಕೂಲಿ ಮಾಡಿ ಮಾಡಿ ಆಕಿ ಮುಖಕ್ಕ ಮೊದಲ ವಯಸ್ಸಾಗಿತ್ತು, ಯಾರೂ ಕೇಳಲಿಲ್ಲ.

ನಂದು? ಸಾಲಿಗೆ ಹಚ್ಚುವಾಗ ಅಪ್ಪ ನಾಕ ವರ್ಷ ಇಳಿಸಿ ಬರಸಿದ್ದ, ಮುಂದ ನೌಕರಿಗೆ ಚಲೋ ಅಂತ. ನಾನೂ ಸುಮ್ಮನ ಇದ್ನಿ.

೬ ನವೆಂಬರ್, ಗುರುವಾರ

ತಪಾಸಣಿಗೆ ನಮ್ರತಾ ಮೇಡಂ ಸ್ಕೂಟಿ ಮ್ಯಾಲೆ ಬಂದ್ಲು. ಸಣ್ಣ ವಯಸ್ಸು, ಶಾಣ್ಯಾಕಿ. ಅಂಗನವಾಡ್ಯಾಗ ಕೂತ್ವಿ. ತಿಪ್ಪವ್ವನ ಕಾರ್ಡ್ ನೋಡಿ, "ಅರವತ್ತಾರು? ಖರೇ ಏನ್ರಿ ಅಮ್ಮಾ?" ಅಂದ್ಲು.

ತಿಪ್ಪವ್ವ ದೊಡ್ಡ ದನಿ ತಗದು, "ನಮ್ಮ ಶಂಕ್ರವ್ವ ಟೀಚರ್‌ನ ಕೇಳ್ರಿ! ಇಬ್ಬರನೂ ಒಂದ ದಿನ, ಒಂದ ತೊಟ್ಟಲದಾಗ ಹಾಕ್ಯಾರ. ಇಕಿ ಮನ್ಯಾಗ ತೊಟ್ಟಲ ಇರಲಿಲ್ರಿ. ಓಣಿಗೆಲ್ಲಾ ನಮ್ಮವ್ವನೇ ಗುಗ್ಗರಿ ಹಂಚ್ಯಾಳ" ಅಂದ್ಲು.

ಅಯ್ಯ ನಮ್ಮವ್ವಾ!

ಮೇಡಂ ನನ್ನ ಕಾರ್ಡ್ ಕೇಳಿದ್ಲು. ಐವತ್ತನಾಕು. ಎರಡೂ ಬಾಜೂಬಾಜೂಕ ಇಟ್ಲು. ನಗಲಿಲ್ಲ.

"ಟೀಚರ್, ಇಬ್ಬರಿಗೂ ಅರವತ್ತಾರಾದ್ರ ನೀವು ಆರ ವರ್ಷದ ಹಿಂದ ರಿಟೈರ್ ಆಗಬೇಕಿತ್ತು. ಐವತ್ತನಾಕಾದ್ರ ಅಮ್ಮಗ ಪಿಂಚಣಿ ಇಲ್ಲ. ಅರವತ್ತ ತುಂಬಬೇಕ್ರಿ."

"ವಯಸ್ಸಾದವರಿಗೆ ಎಲ್ಲಾರಿಗೂ ಕೊಡಬೇಕ್ರಿ" ಅಂದ್ನಿ.

"ನಾನೂ ಅದ ಅಂತೀನ್ರಿ. ಆದ್ರ ಎಲ್ಲಾರೂ ಎಂಟೆಂಟ ವರ್ಷ ಮೊದಲ ಕೈ ಹಾಕಿದ್ರ, ಇವರು ಮುದುಕರಾಗೂದರಾಗ ಏನ ಉಳೀತೈತಿ?" ಊಟಕ್ಕ ಕೂತ ಹುಡುಗರನ್ನ ತೋರಿಸಿದ್ಲು. ಭಾಗ್ಯಾ ಅರ್ಧ ತತ್ತಿ ತಿಂದು ಇನ್ನರ್ಧ ಸಂಜಿಗಂತ ಕಿಸೆದಾಗ ಇಟಗೊಂಡಿತ್ತು.

ಖರೇ ವಯಸ್ಸ ಏನಂತ ಮುಂದಿನ ಶುಕ್ರವಾರ ಬರದ ಕೊಡ್ರಿ ಅಂದು ಹ್ವಾದ್ಲು.

೧೨ ನವೆಂಬರ್

ಬರಿಯಾಕ ಮನಸಿಲ್ಲ. ತಿಪ್ಪವ್ವನ ಜೋಡಿ ಮಾತಿಲ್ಲ. ಸಿಟ್ಟು... ಆಕಿ ಮ್ಯಾಲೋ, ನನ್ನ ಮ್ಯಾಲೋ.

೧೩ ನವೆಂಬರ್, ಸಂಜಿ

ಹೊಲಕ್ಕ ಹ್ವಾದ್ನಿ. ತಿಪ್ಪವ್ವ ಹತ್ತಿ ಬಿಡಸಾಕ ಹತ್ತಿದ್ಲು.

"ಬಾಯಿಗೆ ಬೀಗ ಇಲ್ಲಲ್ಲ ನಿನಗ!"

"ಸುಳ್ಳ ಬರದಾಕಿ ನೀನು, ಬೈಸಿಕೊಳ್ಳಾಕಿ ನಾನು?"

ಇಬ್ಬರಿಗೂ ನಗು ಬಂತು. ಬದುವಿನ ಮ್ಯಾಲೆ ಕೂತ್ವಿ. ಮೇಡಂ ಮಾತ ಬಿಡಿಸಿ ಹೇಳಿದ್ನಿ — ಕೂತ ಉಂಡ್ರ ಕುಡಿಕಿ ಹೊನ್ನ ಸಾಲೂದಿಲ್ಲ ಅಂತಾರಲ್ಲ, ಹಂಗ.

"ನಾ ಎಂದ ಕೂತೇನಿ?" ಅಂದ್ಲು. ಉಡಿ ತುಂಬ ಹತ್ತಿ.

ಆಮ್ಯಾಲೆ ಆಕಿನ: "ತೊಟ್ಟಲದ ಮಾತು ಸುಳ್ಳ ಅಂತ ಬರದ ಬಿಡು. ಮುದುಕಿ, ತಲಿ ನೆಟ್ಟಗಿಲ್ಲ ಅಂತ ಬರಿ. ನಿನ್ನ ನೌಕರಿ ಉಳೀತೈತಿ, ನನ್ನ ಪಿಂಚಣಿನೂ." ಹೇಳೂ ಮುಂದ ನನ್ನ ಕಡೆ ನೋಡಲಿಲ್ಲ. ಹುಟ್ಟಿದಾಗಿಂದ ಊರಿಗೆಲ್ಲಾ ಡಂಗುರ ಹೊಡದ ಮಾತದು.

"ಐವತ್ತೆಂಟಕ್ಕ ಎಂಥಾ ಮುದುಕಿ ನೀನು" ಅಂದ್ನಿ.

೧೪ ನವೆಂಬರ್, ಶುಕ್ರವಾರ, ಮುಂಜಾನೆ ೬

ಹತ್ತಕ್ಕ ಮೇಡಂ ಬರತಾಳ. ಮೂರ ಹಾಳಿ ಹರದ್ನಿ. "ತಿಪ್ಪವ್ವ ಹೇಳಿದ್ದು ಸುಳ್ಳು" ಅಂತ ಬರದ ಕೂಡಲೇ ಕೈ ನಿಂತು. ತೊಟ್ಟಲ ಸುಳ್ಳಾದ್ರ ನಂದು ಅಂತ ಖರೇ ಏನ ಉಳೀತು?

ಖರೇ ಬರದ್ರ ಆಕಿ ಪಿಂಚಣಿ ಎರಡ ವರ್ಷ ಇಲ್ಲ. ನನ್ನ ನೌಕರಿ ಇನ್ನ ಎರಡ ವರ್ಷ. ಅಂಜಿಕಿ ಐತಿ. ಅಲ್ಲೀತನಕ ನನ್ನ ಪಗಾರದಾಗ ಪೇರಲಹಣ್ಣ ತಂದು ಆಕಿ ಕೈಲೇ ಹಂಚಸತೀನಿ. ಬೈತಾಳ, ಬೈಲಿ. ಆಮ್ಯಾಲೆ ಇಬ್ಬರೂ ಒಂದ ದಿನ ಅರ್ಜಿ ಹಾಕೂದು.

ಮೊದಲ ಇಲ್ಲೇ ಬರದ ನೋಡತೀನಿ:

"ನಾವಿಬ್ಬರೂ ಒಂದೇ ದಿನ ಒಂದೇ ತೊಟ್ಟಿಲಲ್ಲಿ ಮಲಗಿದವರು. ತಿಪ್ಪವ್ವನ ವಯಸ್ಸು ತಪ್ಪು ಬರೆದವಳು ನಾನು. ನಮ್ಮಿಬ್ಬರ ಖರೇ ವಯಸ್ಸು ಐವತ್ತೆಂಟು."